ಇನ್ಸುಲಿನ್ನಿನ ಬಾಗಿಲು



ಮೆಂತ್ಯ ತಿಂದ ಇಲಿಗಳಿಗೆ ಸಕ್ಕರೆ ಇಳಿಯಿತೆಂಬ ಸುದ್ದಿಯನ್ನು ನಂಬಿ, ಬಾಲ್ಯದಿಂದಲೇ ಮಧುಮೇಹಿಯಾದ ಹುಡುಗನೊಬ್ಬನಿಗೆ ಮನೆಯವರು ಇನ್ಸುಲಿನ್ ಚುಚ್ಚುಮದ್ದನ್ನು ನಿಲ್ಲಿಸಿದರು. ಮೂರನೆಯ ದಿನ ಪ್ರಜ್ಞೆ ತಪ್ಪಿದ ಅವನನ್ನು ಆಸ್ಪತ್ರೆಗೆ ಹೊತ್ತವರಲ್ಲಿ ನಾವೂ ಇದ್ದೆವು. ಹುಡುಗ ಉಳಿದುಕೊಂಡನು. ಆದುದರಿಂದ ಆ ಇಲಿಗಳ ಒಡಲೊಳಗೆ ನಡೆಯುವುದೇನೆಂಬುದನ್ನು ತಮ್ಮ ಮುಂದೆ ಅರಿಕೆ ಮಾಡಬಯಸುತ್ತೇವೆ.

ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದ್ದು 1921ರಲ್ಲಿ. ಅದು ಜೀವಕೋಶಕ್ಕೆ ತನ್ನ ಆಜ್ಞೆಯನ್ನು ಮುಟ್ಟಿಸುವ ಬಗೆ ಮಾತ್ರ ಬಹುಕಾಲ ಗೂಢವಾಗಿಯೇ ಇತ್ತು. 1971ರ ಸುಮಾರಿಗೆ, ವಿಕಿರಣಶೀಲ ಅಯೋಡೀನ್ ಸೇರಿಸಿದ ಇನ್ಸುಲಿನ್ನು ಇಲಿಯ ಯಕೃತ್ತಿನ ಕೋಶಪೊರೆಗೆ ಅಂಟಿಕೊಳ್ಳುವುದನ್ನು ವಿಜ್ಞಾನಿಗಳು ಅಳೆದರು. ಅದು ಅಂಟುವ ತಾಣವೇ ಗ್ರಾಹಕ, ಕೋಶದ ಬಾಗಿಲೆನ್ನಬಹುದು.

ಸ್ಟ್ರೆಪ್ಟೊಜೋಟೊಸಿನ್ ಎಂಬ ಔಷಧವನ್ನು ಚುಚ್ಚಿದರೆ ಇಲಿಯ ಮೇದೋಜೀರಕಾಂಗದಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳು ನಾಶವಾಗುತ್ತವೆ, ಇಲಿ ಮಧುಮೇಹಿಯಾಗುತ್ತದೆ. ಆಗ ಯಕೃತ್ತಿನ ಗ್ರಾಹಕಗಳು ಕಡಿಮೆಯಾಗುವುವೆಂದು ಯಾರಾದರೂ ಊಹಿಸಿಯಾರು. ಆದರೆ ಅವು ಹೆಚ್ಚುತ್ತವೆ! ಬರಗಾಲದಲ್ಲಿ ಬಾವಿಯ ಸುತ್ತ ಕೊಡಗಳ ಸಾಲು ಬೆಳೆದಂತೆ. ಕೊಡ ಹೆಚ್ಚಿದ ಮಾತ್ರಕ್ಕೆ ನೀರು ಬಂದೀತೆ? ಇನ್ಸುಲಿನ್ ಕೊಟ್ಟು ಉಪಚರಿಸಿದರೆ ಗ್ರಾಹಕಗಳ ಸಂಖ್ಯೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಇಲ್ಲಿ ಇಳಿಕೆಯೇ ಗುಣದ ಕುರುಹು. ಆದಕಾರಣ 'ಈ ಮದ್ದು ಗ್ರಾಹಕಗಳನ್ನು ಹೆಚ್ಚಿಸುತ್ತದೆ' ಎಂಬ ಜಾಹೀರಾತನ್ನು ಕಂಡಾಗ ನಮಗೆ ನಗು ಬರುತ್ತದೆ.

ಬಾಗಿಲುಗಳ ಎಣಿಕೆಗಿಂತ ಒಳಗಿನ ಕೆಲಸ ದೊಡ್ಡದು. ಇನ್ಸುಲಿನ್ ಬಂದು ಕೂತೊಡನೆ ಗ್ರಾಹಕವು ತನ್ನೊಳಗಿನ ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಫಾಸ್ಫೇಟನ್ನು ಜೋಡಿಸಿಕೊಳ್ಳುತ್ತದೆಂದು 1982ರಲ್ಲಿ ತಿಳಿಯಿತು. ಮಧುಮೇಹದ ಇಲಿಗಳಲ್ಲಿ ಈ ಚಟುವಟಿಕೆ ಕುಗ್ಗಿರುವುದೂ, ಇನ್ಸುಲಿನ್ ಕೊಟ್ಟಾಗ ಚೇತರಿಸುವುದೂ ಪ್ರಯೋಗಗಳಲ್ಲಿ ಕಂಡುಬಂದಿದೆ.

1985ರಲ್ಲಿ ಕೆನಡಾದ ವ್ಯಾಂಕೂವರಿನ ಸಂಶೋಧಕರು ಇಂತಹ ಇಲಿಗಳ ಕುಡಿಯುವ ನೀರಿಗೆ ವೆನೇಡಿಯಮ್ ಧಾತುವಿನ ಲವಣವಾದ ವೆನೇಡೇಟನ್ನು ಬೆರೆಸಿದರು. ರಕ್ತದ ಸಕ್ಕರೆ ಇಳಿಯಿತು. ಫಾಸ್ಫೇಟನ್ನು ಕಿತ್ತೊಗೆಯುವ ಕಿಣ್ವಗಳನ್ನು ಅದು ತಡೆಯುತ್ತದೆ. ಎಂತಹ ಆಶೆ ಹುಟ್ಟಿರಬೇಕು! ಆದರೆ ವೆನೇಡೇಟ್ ಕುಡಿದ ಇಲಿಗಳಿಗೆ ಭೇದಿ ಹಿಡಿಯಿತು, ಮೈ ಸೊರಗಿತು, ಕೆಲವು ಸತ್ತವು. ಇಂದಿಗೂ ಅದು ಮಧುಮೇಹಿಗಳ ಗುಳಿಗೆಯಾಗಿಲ್ಲ.

ಮೆಂತ್ಯದ ನಾರು ಊಟದ ಸಕ್ಕರೆಯು ಕರುಳಿನಿಂದ ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುತ್ತದೆ, ನಿಜ. ಇನ್ಸುಲಿನ್ನೇ ಹುಟ್ಟದ ಒಡಲಿಗೆ ಅದು ಇನ್ಸುಲಿನ್ ಆಗಲಾರದು. ಆ ಹುಡುಗನ ತಾಯಿ ಮೆಂತ್ಯದ ದೋಸೆಯನ್ನು ಬಿಟ್ಟಿಲ್ಲ. ಆದರೆ ಚುಚ್ಚುಮದ್ದಿನ ಹೊತ್ತು ತಪ್ಪದಂತೆ ಗಡಿಯಾರವನ್ನು ಅಡಿಗೆಮನೆಗೇ ತಂದಿರಿಸಿಕೊಂಡಿದ್ದಾರೆ.