ಓಟಿಪಿ ಯಾರ ಫೋನಿಗೆ ಬರುತ್ತದೆ?



ಬೋಧನೆ ಮತ್ತು ಸಂಶೋಧನೆಗೆ ಬೇಕಾದ ಐಟಿ ಸೇವೆಗಳನ್ನು ಸುರಕ್ಷಿತವಾಗಿ ಕಟ್ಟುವುದು ಹೇಗೆಂದು ಮಾತಾಡಲು ಮೈಸೂರಿನ ಬೋಗಾದಿ ಒಳ್ಳೆಯ ಜಾಗ. ಇಲ್ಲಿಂದ ಊರ ಕಡೆ ಹೊರಟರೆ ಮಾನಸಗಂಗೋತ್ರಿ. ಅಲ್ಲಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತೊದಲುವ ಮಗುವಿನ ದನಿ ರೆಕಾರ್ಡ್ ಆದರೆ ಅದು ಸಂಶೋಧನೆಯ ಆಕರ ನಿಜ, ಅದಕ್ಕೂ ಮೊದಲು ಒಂದು ಮನೆಯ ಖಾಸಗಿ ಸಂಗತಿ. 1969ರಿಂದ ಇರುವ ಭಾರತೀಯ ಭಾಷಾ ಸಂಸ್ಥಾನದಲ್ಲೂ ದನಿಗಳೇ. ಆದರೆ ಭಾಷೆಯ ಮಾದರಿಗಳನ್ನು ಕೂಡಿಸುವುದೇ ನಾಲ್ಕು ಜನ ಬಳಸಲಿ ಎಂದು. ಇನ್ನಷ್ಟು ಮುಂದೆ, ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಬೆಳಕಿಗೆ ಬಂದ ಪ್ರಾಚ್ಯವಿದ್ಯಾ ಸಂಶೋಧನಾಲಯ. ಓಲೆಗರಿಯ ಸ್ಕ್ಯಾನನ್ನು ಯಾರು ಬೇಕಾದರೂ ನೋಡಲಿ, ಅದರ ಒಂದಕ್ಷರವನ್ನೂ ಯಾರೂ ತಿದ್ದಬಾರದು. ಮೂರು ಕಡೆ ಸುರಕ್ಷತೆಗೆ ಮೂರು ಅರ್ಥ. ಒಂದು ಫೈರ್‌ವಾಲ್ ತಂದಿಟ್ಟು ಎಲ್ಲಕ್ಕೂ ಅದೇ ಸಾಕು ಎನ್ನುವವರನ್ನು ನಾನು ನಂಬುವುದಿಲ್ಲ.

ಸಂಪರ್ಕದ ಕಥೆಯನ್ನು ಬೇಗ ಮುಗಿಸುತ್ತೇನೆ. 1986ರಲ್ಲಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳ ಜಾಲ ಅರ್ನೆಟ್ ಶುರುವಾದಾಗ ಅದರಲ್ಲಿದ್ದದ್ದು ದೇಶದ ಎಂಟೇ ಸಂಸ್ಥೆಗಳು, ಅದರಲ್ಲಿ ಬೆಂಗಳೂರಿನ ಐಐಎಸ್‌ಸಿ ಒಂದು. 2010ರಲ್ಲಿ ರಾಷ್ಟ್ರೀಯ ಜ್ಞಾನ ಜಾಲಕ್ಕೆ ಒಪ್ಪಿಗೆ ಸಿಕ್ಕಿತು. ವೈರು ಎಳೆಯುವುದೇ ದೊಡ್ಡ ಕೆಲಸವಾಗಿದ್ದ ಕಾಲ ಹೆಚ್ಚುಕಡಿಮೆ ಮುಗಿದಿದೆ. ಈಗಿನ ತೊಡಕು ವೈರಿನದಲ್ಲ, ಅದರ ತುದಿಯಲ್ಲಿ ಕೂತವರು ಯಾರು ಎಂಬುದರದು.

ನಮ್ಮ ಯಾವುದೇ ವಿಭಾಗಕ್ಕೆ ಹೋಗಿ ನೋಡಿ. ಅಂಕ ತುಂಬುವ ಕಡೆಯ ದಿನ. ಕಂಪ್ಯೂಟರ್ ಮುಂದೆ ಕೂತಿರುವವರು ಅತಿಥಿ ಉಪನ್ಯಾಸಕಿ. ಲಾಗಿನ್ ಇರುವುದು ವಿಭಾಗದ ಮುಖ್ಯಸ್ಥರ ಹೆಸರಿನಲ್ಲಿ, ಪಾಸ್‌ವರ್ಡ್ ಮಾನಿಟರ್ ಅಂಚಿಗೆ ಅಂಟಿಸಿದ ಚೀಟಿಯಲ್ಲಿ. ಮುಖ್ಯಸ್ಥರು ನಂಜನಗೂಡಿನಲ್ಲಿ ಯಾರದೋ ಮದುವೆಗೆ ಹೋಗಿದ್ದಾರೆ. "ಸಾರ್, ಓಟಿಪಿ ಬಂತಾ?" ಎಂದು ಈಕೆ ಫೋನು ಮಾಡುತ್ತಾರೆ. ಊಟದ ಪಂಕ್ತಿಯಲ್ಲಿ ಕೂತವರು ಆರು ಅಂಕಿಗಳನ್ನು ಅಕ್ಕಪಕ್ಕದವರಿಗೂ ಕೇಳುವಂತೆ ಓದುತ್ತಾರೆ. ಎರಡು ಹಂತದ ಭದ್ರತೆಗೆ ಖರ್ಚು ಮಾಡಿದ ಹಣ ಅಲ್ಲಿಗೆ ಹೋಯಿತು.

ಇದರಲ್ಲಿ ಆ ಉಪನ್ಯಾಸಕಿಯ ತಪ್ಪೇನಿದೆ? ಪಾಠ ಮಾಡುವವರು ಅವರು, ಉತ್ತರಪತ್ರಿಕೆ ತಿದ್ದುವವರು ಅವರು, ವ್ಯವಸ್ಥೆಯ ಕಣ್ಣಿಗೆ ಮಾತ್ರ ಅವರು ಇಲ್ಲವೇ ಇಲ್ಲ. ಕಾಯಂ ನೌಕರರ ಪಟ್ಟಿಯನ್ನಷ್ಟೇ ಎದುರಿಗಿಟ್ಟುಕೊಂಡು ಸಾಫ್ಟ್‌ವೇರ್ ಬರೆಸಿದರೆ ಹೀಗೇ ಆಗುವುದು. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಉಳಿಸಿಕೊಂಡಿರಬೇಕು. ಉಳಿಸೋಣ. ಐದು ಜನ ಒಂದೇ ಲಾಗಿನ್ ಬಳಸುವಲ್ಲಿ ಆ ಲಾಗ್ ಓದಿ ಯಾರನ್ನು ಕೇಳುವುದು?

ಇದು ಬಡ ಕಾಲೇಜುಗಳ ಪಾಡು ಎಂದುಕೊಳ್ಳಬೇಡಿ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ದಾಳಿಯಾಗಿ ಸುಮಾರು 600 ಜಿಬಿ ದತ್ತಾಂಶ ಕಳುವಾಯಿತು. ಮರುವರ್ಷ ಅವರೇ ಬಿಡುಗಡೆ ಮಾಡಿದ ವರದಿ ಓದಿ, ಮುಚ್ಚುಮರೆ ಕಡಿಮೆ. ಕಳ್ಳರು ಮೊದಲು ಕಾಣಿಸಿಕೊಂಡದ್ದು ಹೊರಗಿನ ಪಾಲುದಾರರೂ ಬಳಸುತ್ತಿದ್ದ, ದೂರದಿಂದಲೇ ಒಳಬರಲು ಇದ್ದ ಸರ್ವರ್‌ನಲ್ಲಿ. ಅಲ್ಲಿ ಎರಡನೇ ಹಂತದ ಪರಿಶೀಲನೆ ಇರಲಿಲ್ಲ. ಅತಿಥಿಗಳಿಗೆಂದು ಮಾಡಿದ ಬಾಗಿಲನ್ನೇ ಸಡಿಲ ಬಿಟ್ಟಿದ್ದರು. ಅತ್ತ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ 2021ರ ಡಿಸೆಂಬರ್‌ನಲ್ಲಿ ಕಳ್ಳರೇ ಬರಲಿಲ್ಲ. ಬ್ಯಾಕಪ್ ಪ್ರೋಗ್ರಾಮಿನ ಒಂದು ಬದಲಾವಣೆ ಎಡವಟ್ಟಾಗಿ ಸೂಪರ್ ಕಂಪ್ಯೂಟರಿನ 77 ಟೆರಾಬೈಟ್ ಸಂಶೋಧನಾ ದತ್ತಾಂಶ ಅಳಿಸಿಹೋಯಿತು. ನಮ್ಮ ಪಿಎಚ್‌ಡಿ ವಿದ್ಯಾರ್ಥಿಗಳ ನಾಲ್ಕು ವರ್ಷದ ದುಡಿಮೆ ಒಂದು ಪೆನ್‌ಡ್ರೈವಿನಲ್ಲಿದೆ. ಅದನ್ನು ಇಲ್ಲಿ ಹೇಳಿಯೇ ಮುಂದೆ ಹೋಗಬೇಕು.

ಹಾಗೆಂದು ಅತಿಥಿಗೆ ಬಾಗಿಲು ಹಾಕುವುದು ಉತ್ತರವಲ್ಲ. ವಿದ್ಯಾಸಂಸ್ಥೆಗಳ ನಡುವಿನ ವೈಫೈ ಜಾಲ ಎಜುರೋಮ್ ನೋಡಿ. ಧಾರವಾಡದ ಸಂಶೋಧಕಿಯೊಬ್ಬರು ಮೈಸೂರಿಗೆ ಬಂದು ಲ್ಯಾಪ್‌ಟಾಪ್ ತೆರೆಯುತ್ತಾರೆ ಎನ್ನಿ. ಎರಡೂ ಸಂಸ್ಥೆಗಳು ಈ ಜಾಲದಲ್ಲಿದ್ದರೆ ಮೈಸೂರಿನ ವೈಫೈ ಅವರ ಪಾಸ್‌ವರ್ಡನ್ನು ತಾನು ನೋಡುವುದಿಲ್ಲ. ಕೋರಿಕೆಯನ್ನು ಅವರ ಸಂಸ್ಥೆಗೇ ದಾಟಿಸುತ್ತದೆ. "ಹೌದು, ಇವರು ನಮ್ಮವರು" ಎಂದು ಅಲ್ಲಿಂದ ಉತ್ತರ ಬಂದರೆ ಸಂಪರ್ಕ ಸಿಗುತ್ತದೆ. ಭಾರತದಲ್ಲಿ ಇದನ್ನು ನಡೆಸುವುದು ಅರ್ನೆಟ್ ಇಂಡಿಯಾ. ಗುರುತು ಒಂದು ಕಡೆ, ಸೇವೆ ಹಲವು ಕಡೆ. ಗ್ರಂಥಾಲಯದ ಪತ್ರಿಕೆಗಳಿಗೂ ಅಂಕದ ಪೋರ್ಟಲಿಗೂ ಪ್ರಯೋಗಾಲಯದ ಸರ್ವರಿಗೂ ಇದೇ ಬುನಾದಿಯಾಗಬೇಕು ಎಂಬುದು ನನ್ನ ವಾದ.

ಮಧ್ಯಾಹ್ನದ ಗೋಷ್ಠಿಗೆ ಒಂದು ಕೋರಿಕೆ. ಉಪಕರಣಗಳ ಪಟ್ಟಿಯಿಂದ ಶುರುಮಾಡಬೇಡಿ. ಒಬ್ಬ ಅತಿಥಿ ಉಪನ್ಯಾಸಕರ ನೇಮಕಾತಿ ಪತ್ರ ಕೈಗೆತ್ತಿಕೊಳ್ಳಿ. ಅವರ ಹೆಸರಿನಲ್ಲೇ ಖಾತೆ ತೆರೆಯುವವರು ಯಾರು, ಎಷ್ಟು ದಿನದೊಳಗೆ? ಸೆಮಿಸ್ಟರ್ ಮುಗಿದ ಮೇಲೆ ಅದನ್ನು ಮುಚ್ಚುವವರು ಯಾರು? ಅವರು ಮಾಡಿಟ್ಟ ಪಾಠದ ವಿಡಿಯೊಗಳು ವಿದ್ಯಾರ್ಥಿಗಳಿಗೆ ಉಳಿಯುತ್ತವೆಯೋ, ಖಾತೆಯ ಜೊತೆಗೇ ಹೋಗುತ್ತವೆಯೋ? ಈ ಪ್ರಶ್ನೆಗಳಿಗೆ ಉತ್ತರಿಸಬೇಕಾದ ಸಿಬ್ಬಂದಿ ಶಾಖೆಯವರು ಆಹ್ವಾನ ಪತ್ರಿಕೆಯಲ್ಲಿ ಕಾಣಲಿಲ್ಲ. ಊಟದ ಹೊತ್ತಿಗಾದರೂ ಅವರನ್ನು ಕರೆಸಿ.