ಅಂತಃಕರಣ



‘ಆಕೆಗೆ ಅಂತಃಕರಣ ಬಹಳ’ ಎಂದಾಗ ದಯೆ, ಮಮತೆ, ಮರುಕ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಂತಾಗುತ್ತದೆ. ಸಂಸ್ಕೃತದಲ್ಲಿ ಈ ಪದದ ಮೂಲಾರ್ಥ ಬೇರೆ. ಕರಣವೆಂದರೆ ಸಾಧನ. ಕಣ್ಣು, ಕಿವಿ ಹೊರಗಿನ ಕರಣಗಳು. ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ ಕೂಡಿ ಒಳಗಿನ ಕರಣ. ವೇದಾಂತಿಗಳ ಈ ಪರಿಭಾಷೆಯನ್ನು ಕನ್ನಡದ ಜನ ಮನೆಯೊಳಕ್ಕೆ ತಂದು, ಕರುಳಿನ ಪಕ್ಕದಲ್ಲಿಟ್ಟರು. ದಯೆಯೂ ಕಾಣುವ, ತಿಳಿಯುವ ಒಂದು ಬಗೆ ಎಂಬುದನ್ನು ಅವರು ಬಲ್ಲವರಾಗಿದ್ದರು ಅನ್ನಿಸುತ್ತದೆ ನನಗೆ.

ಅಂಥ ದಯೆಯ ಒಂದು ಕಥೆ ಹೇಳುತ್ತೇನೆ. ಲಂಡನ್ನಿನ ವಾಯವ್ಯಕ್ಕೆ ಹ್ಯಾರೋ ಎಂಬ ಊರಿದೆ. ಇನ್ನೂರು ವರ್ಷಗಳ ಹಿಂದೆ ಅಲ್ಲಿನ ಗುಡ್ಡದ ಮೇಲಿನ ಶಾಲೆಯಲ್ಲಿ ಆಂಟನಿ ಆಶ್ಲಿ ಕೂಪರ್ ಎಂಬ ಹುಡುಗ ಓದುತ್ತಿದ್ದ. ಒಂದು ದಿನ ಇಳಿಜಾರಿನ ಹಾದಿಯಲ್ಲಿ ಕೂಗಾಟ, ಹಾಡು ಕೇಳಿಸಿತು. ಕುಡಿದ ನಾಲ್ಕೈದು ಜನ ಒಬ್ಬ ಬಡವನ ಶವಪೆಟ್ಟಿಗೆ ಹೊತ್ತು ಬರುತ್ತಿದ್ದರು. ತಿರುವಿನಲ್ಲಿ ತೂರಾಡಿ ಅದನ್ನು ಕೆಡವಿ, ಬಯ್ದಾಡತೊಡಗಿದರು. ಹಿಂದೆ ಅಳುವವರು ಯಾರೂ ಇರಲಿಲ್ಲ. ದಿಕ್ಕಿಲ್ಲದವನೆಂದರೆ ಸತ್ತ ಮೇಲೂ ಇಷ್ಟೇ ಬೆಲೆಯೇ ಎಂದು ಹುಡುಗ ತಲ್ಲಣಿಸಿದ. ಬಡವರಿಗಾಗಿ ಬದುಕುವ ನಿರ್ಧಾರ ಅಲ್ಲಿ ಹುಟ್ಟಿತೆಂದು ಮುಂದೆ ಅವರೇ ಹೇಳಿದರು. ಅದನ್ನು ನೆನೆಯುವ ಫಲಕ ಇಂದಿಗೂ ಅಲ್ಲಿದೆ.

ದೊಡ್ಡ ಮನೆತನದ ಕೂಸು. ತಂದೆತಾಯಿಯ ಅಕ್ಕರೆ ಮಾತ್ರ ಸಿಗಲಿಲ್ಲ. ಎತ್ತಿ ಆಡಿಸಿದವಳು ಮನೆಕೆಲಸದ ಮರಿಯಾ ಮಿಲ್ಲಿಸ್. ಆಕೆ ಬಿಟ್ಟುಹೋದ ಗಡಿಯಾರವನ್ನು ಅವರು ಮುಪ್ಪಿನವರೆಗೂ ಧರಿಸುತ್ತಿದ್ದರು. ಅಂತಃಕರಣ ಬಂದದ್ದು ಆ ಮಡಿಲಿನಿಂದಲೇ ಎಂದು ನಾನು ನಂಬುತ್ತೇನೆ.

ಮುಂದೆ ಶಾಫ್ಟ್ಸ್‌ಬರಿಯ ಏಳನೆಯ ಅರ್ಲ್ ಎಂದು ಹೆಸರಾದವರು ಇವರೇ. ಆಗ ಇಂಗ್ಲೆಂಡಿನ ಮನೆಮನೆಯ ಅಗ್ಗಿಷ್ಟಿಕೆಯಲ್ಲೂ ಕಲ್ಲಿದ್ದಲು ಉರಿಯುತ್ತಿತ್ತು. ಅದನ್ನು ಕತ್ತಲ ಸುರಂಗದಲ್ಲಿ ಅಂಬೆಗಾಲಿಟ್ಟು ಎಳೆಯುವ ಮಕ್ಕಳ ಚಿತ್ರಗಳು 1842ರ ಸರ್ಕಾರಿ ವರದಿಯಲ್ಲಿ ಬಂದವು. ಆ ವರ್ಷವೇ ಇವರ ಪ್ರಯತ್ನದಿಂದ ಹೆಂಗಸರನ್ನೂ ಹತ್ತು ವರ್ಷದೊಳಗಿನ ಹುಡುಗರನ್ನೂ ಗಣಿಯೊಳಗೆ ದುಡಿಸಬಾರದೆಂಬ ಕಾನೂನಾಯಿತು. 1847ರ ಕಾನೂನಿನಿಂದ ಬಟ್ಟೆ ಗಿರಣಿಗಳ ಹೆಂಗಸರು, ಹದಿಹರೆಯದವರ ದುಡಿಮೆ ದಿನಕ್ಕೆ 10 ಗಂಟೆಗೆ ಇಳಿಯಿತು.

ಹೊಗೆಗೂಡು ಗುಡಿಸಲು ಎಳೆಯ ಹುಡುಗರನ್ನು ಒಳಗೆ ಹತ್ತಿಸುವುದು ಮಾತ್ರ ನಿಲ್ಲಲಿಲ್ಲ. 1840ರಲ್ಲೇ ಕಾನೂನು ಬಂದಿದ್ದರೂ ಜನ ಅದನ್ನು ಲೆಕ್ಕಿಸಲಿಲ್ಲ. ಇವರೂ ಬಿಡಲಿಲ್ಲ. ಪೊಲೀಸರ ಪರವಾನಗಿಯಿಲ್ಲದೆ ಆ ಕಸುಬು ಮಾಡುವಂತಿಲ್ಲ ಎಂಬ ಬಿಗಿಯಾದ ಕಾನೂನು 1875ರಲ್ಲಿ ಬಂತು. ಆಗ ಅವರಿಗೆ 74 ವರ್ಷ.