ಲ್ಯಾಪ್‌ಟಾಪಿನ ಬ್ಯಾಟರಿ: ನಂಬರು ನೋಡಿ ಕೊಳ್ಳೋಣ

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ಬೋನಸ್ಸು, ರಜೆ, ಪ್ರಾವಿಡೆಂಟ್ ಫಂಡು, ನಮ್ಮ ಸಭೆಗಳಲ್ಲಿ ಈ ಮಾತುಗಳೇ ಹೆಚ್ಚು. ಈ ದಿನ ಲ್ಯಾಪ್‌ಟಾಪಿನ ಬ್ಯಾಟರಿಯ ವಿಷಯ ಎತ್ತಿಕೊಂಡದ್ದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಸಂಬಳ ಹೆಚ್ಚಿಸಿಕೊಳ್ಳುವುದು ಎಷ್ಟು ಮುಖ್ಯವೋ, ಕೈಗೆ ಬಂದ ಸಂಬಳ ಸೋರಿಹೋಗದಂತೆ ಕಾಯುವುದೂ ಅಷ್ಟೇ ಮುಖ್ಯವೆಂದು ನಾವು ತಿಳಿದಿದ್ದೇವೆ. ಆದುದರಿಂದ ಸ್ವಲ್ಪ ಹೊತ್ತು ತಾಳ್ಮೆಯಿಂದ ಕೇಳಬೇಕೆಂದು ಬೇಡಿಕೊಳ್ಳುತ್ತೇವೆ.

ನಮ್ಮ ಮನೆಗಳಿಗೆ ಲ್ಯಾಪ್‌ಟಾಪು ಬಂದದ್ದು ಹೇಗೆ? 2011ರ ಸೆಪ್ಟೆಂಬರ್ 15ರಂದು, ಅಣ್ಣಾದುರೈಯವರ ಹುಟ್ಟುಹಬ್ಬದ ದಿವಸ, ತಮಿಳುನಾಡು ಸರಕಾರವು ಉಚಿತ ಲ್ಯಾಪ್‌ಟಾಪ್ ಯೋಜನೆಯನ್ನು ಆರಂಭಿಸಿತು. ಸರಕಾರಿ ಮತ್ತು ಅನುದಾನಿತ ಶಾಲೆ ಕಾಲೇಜುಗಳ ಮಕ್ಕಳಿಗೆ ಅವು ದೊರೆತವು. ಪಾತ್ರೆ ತೊಳೆಯುವವನ ಮಗಳೂ ದೋಸೆ ಕಲ್ಲಿನ ಮುಂದೆ ನಿಲ್ಲುವವನ ಮಗನೂ ಮೊದಲ ಸಲ ಕಂಪ್ಯೂಟರ್ ಮುಟ್ಟಿದ್ದು ಹೀಗೆ. ಇನ್ನು ಕೆಲವರು ಸಾಲ ಮಾಡಿ, ಚೀಟಿ ಎತ್ತಿ, ಹಳೆಯದನ್ನೋ ಹೊಸದನ್ನೋ ಕೊಂಡಿದ್ದಾರೆ. ಯಂತ್ರ ಚೆನ್ನಾಗಿಯೇ ಇರುತ್ತದೆ. ಬ್ಯಾಟರಿ ಮಾತ್ರ ಮೂರು ನಾಲ್ಕು ವರ್ಷಕ್ಕೆ ಸೋಲುತ್ತದೆ. ಕರೆಂಟು ಹೋದೊಡನೆ ಯಂತ್ರ ಆರುತ್ತದೆ, ಮಗು ಬರೆದ ಪಾಠ ಹೋಗುತ್ತದೆ. ಆಗ ತಂದೆಯಾದವನು ಅರ್ಧ ದಿನದ ಬಿಡುವು ಕೇಳಿಕೊಂಡು, ಜೇಬಿನಲ್ಲಿ ಎರಡು ಮೂರು ಸಾವಿರ ಇಟ್ಟುಕೊಂಡು, ಮೌಂಟ್ ರೋಡಿನ ಪಕ್ಕದ ರಿಚಿ ಸ್ಟ್ರೀಟಿಗೆ ಹೊರಡುತ್ತಾನೆ. ಅವನು ಸೋಲುವುದು ಅಲ್ಲಿಯೇ.

ನಮ್ಮ ಸದಸ್ಯರೊಬ್ಬರ ಸಂಗತಿ ಹೇಳುತ್ತೇವೆ. ಮಗಳ ಪರೀಕ್ಷೆ ಹತ್ತಿರ ಬಂದಿತ್ತು. ಅವರು ಒಂದು ಅಂಗಡಿಗೆ ಹೋಗಿ, "ಎಚ್‌ಪಿ ಹದಿನೈದಕ್ಕೆ ಬ್ಯಾಟರಿ ಕೊಡಿ" ಎಂದರು. ಅಂಗಡಿಯವನು ಕೊಟ್ಟ. ಬಿಲ್ಲು ಬೇಕಾದರೆ ತೆರಿಗೆ ಸೇರುತ್ತದೆ, ಬೇಡವಾದರೆ ಮುನ್ನೂರು ರೂಪಾಯಿ ಕಡಿಮೆ ಎಂದ. ಇವರು ಬಿಲ್ಲು ಬೇಡವೆಂದರು. ಮನೆಗೆ ತಂದರೆ ಬ್ಯಾಟರಿ ಒಳಕ್ಕೇ ಕೂಡಲಿಲ್ಲ. ಮರಳಿ ಹೋದಾಗ, "ಇದು ನಮ್ಮ ಮಾಲೇ ಅಲ್ಲ" ಎಂಬ ಉತ್ತರ ಸಿಕ್ಕಿತು. ನಾವು ಜೊತೆಗೆ ಹೋಗಿ ವಾದಿಸಿದೆವು. ಕೈಯಲ್ಲಿ ಕಾಗದವಿಲ್ಲದ ವಾದಕ್ಕೆ ಬಲವೆಲ್ಲಿಯದು? ಆ ಎರಡು ಸಾವಿರದ ಇನ್ನೂರು ರೂಪಾಯಿ ಹೋಯಿತು. ಅದು ಆ ಮನೆಯ ಒಂದು ತಿಂಗಳ ಅಕ್ಕಿ, ಹಾಲಿನ ಹಣ.

ಇಲ್ಲಿ ತಿಳಿಯಬೇಕಾದ ಮೊದಲ ಪಾಠವೇನೆಂದರೆ, "ಎಚ್‌ಪಿ ಹದಿನೈದು" ಎಂಬುದು ಒಂದು ಯಂತ್ರದ ಹೆಸರಲ್ಲ, ಒಂದು ದೊಡ್ಡ ಕುಟುಂಬದ ಹೆಸರು. ಆ ಕುಟುಂಬದಲ್ಲಿ 15-ಎಸಿ ಎಂಬುದಕ್ಕೆ ಎಚ್‌ಎಸ್04 ಬ್ಯಾಟರಿ, 15-ಬಿಎಸ್ ಎಂಬುದಕ್ಕೆ ಜೆಸಿ04 ಅಥವಾ ಜೆಸಿ03, 15-ಡಿಎ ಎಂಬುದಕ್ಕೆ ಎಚ್‌ಟಿ03. ಮೊದಲಿನವು ಹೊರಗಿನಿಂದ ಕಳಚುವಂಥವು. ಕೊನೆಯದು ಹೊಟ್ಟೆಯೊಳಗೆ ಸ್ಕ್ರೂ ಹಾಕಿ ಕೂರಿಸಿದ್ದು. ಒಂದರ ಜಾಗದಲ್ಲಿ ಇನ್ನೊಂದು ಕೂಡುವುದಿಲ್ಲ. ಡೆಲ್, ಲೆನೊವೊ, ಏಸರ್ ಯಾವುದಾದರೂ ಇದೇ ಕಥೆ. ಹೋಟೆಲಿನ ಗ್ರೈಂಡರಿನ ಬೆಲ್ಟು ಹರಿದರೆ ನಾವು ಗ್ರೈಂಡರಿನ ಕಂಪನಿ ಹೆಸರು ಹೇಳಿ ಬೆಲ್ಟು ತರುತ್ತೇವೆಯೇ? ಹಳೆಯ ಬೆಲ್ಟಿನ ಮೇಲಿನ ನಂಬರು ನೋಡಿ ತರುತ್ತೇವೆ. ಮಿಲ್ಲಿನವರು ನಲವತ್ತನೇ ನಂಬರಿನ ನೂಲು ಬೇಕಾದಲ್ಲಿ ಅರುವತ್ತನೆಯದನ್ನು ಹಾಕುತ್ತಾರೆಯೇ? ಬ್ಯಾಟರಿಯದೂ ಅದೇ ನ್ಯಾಯ.

ಆದರೆ ಅಂಗಡಿಗೆ ಹೊರಡುವ ಮುನ್ನ, ಕೆಟ್ಟಿರುವುದು ಬ್ಯಾಟರಿಯೇ ಹೌದೇ ಎಂದು ನೋಡಬೇಕು. ಎಷ್ಟೋ ಸಲ ಕೆಟ್ಟಿರುವುದು ಚಾರ್ಜರಿನ ವಯರು, ಇಲ್ಲವೇ ಅದು ಸಿಕ್ಕುವ ತೂತು. ಅದೇ ಜಾತಿಯ ಇನ್ನೊಂದು ಚಾರ್ಜರನ್ನು ಪರಿಚಯದವರಿಂದ ತಂದು ಹಾಕಿ ನೋಡಿರಿ. ವಿಂಡೋಸ್ ಇರುವ ಯಂತ್ರವಾದರೆ ಇನ್ನೊಂದು ಪರೀಕ್ಷೆ ಉಂಟು. ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿ ತೆರೆದು, "ಪವರ್‌ಸಿಎಫ್‌ಜಿ" ಎಂದು ಬರೆದು, ಜಾಗ ಬಿಟ್ಟು, ಓರೆ ಗೀಟು ಹಾಕಿ, "ಬ್ಯಾಟರಿರಿಪೋರ್ಟ್" ಎಂದು ಕೂಡಿಸಿ ಬರೆದರೆ ಯಂತ್ರವೇ ಒಂದು ವರದಿ ಬರೆದುಕೊಡುತ್ತದೆ. ಕಾಲೇಜಿನ ಮಕ್ಕಳಿಗೆ ಇದು ಒಂದು ನಿಮಿಷದ ಕೆಲಸ. ಆ ವರದಿಯಲ್ಲಿ ಬ್ಯಾಟರಿ ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬ ಎರಡು ಅಂಕಿಗಳಿರುತ್ತವೆ. ನಲವತ್ತು ಸಾವಿರವಿದ್ದದ್ದು ಹದಿನೈದು ಸಾವಿರಕ್ಕೆ ಇಳಿದಿದ್ದರೆ ಬ್ಯಾಟರಿ ಮುದಿಯಾಯಿತು. ಮೂವತ್ತೈದು ಸಾವಿರವಿದ್ದರೆ ದೋಷ ಬೇರೆಲ್ಲಿಯೋ ಇದೆ, ಹಣ ಉಳಿಯಿತು.

ಬ್ಯಾಟರಿಯೇ ಬೇಕೆಂದು ಖಚಿತವಾದ ಮೇಲೆ ಎರಡು ನಂಬರು ಬರೆದುಕೊಳ್ಳಬೇಕು. ಒಂದು, ಯಂತ್ರದ ಅಡಿಯಲ್ಲಿ ಅಚ್ಚಾಗಿರುವ ಪೂರ್ತಿ ಮಾಡಲ್ ನಂಬರು. ಎರಡು, ಹಳೆಯ ಬ್ಯಾಟರಿಯ ಮೈಮೇಲಿನ ನಂಬರು. ಇವೆರಡರಲ್ಲಿ ಬ್ಯಾಟರಿಯ ನಂಬರೇ ಹೆಚ್ಚು ನಂಬತಕ್ಕದ್ದು. ಫೋನಿನಲ್ಲಿ ಚಿತ್ರ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಕಳಚಲು ಬರುವುದಾದರೆ ಹಳೆಯ ಬ್ಯಾಟರಿಯನ್ನೇ ಕೊಂಡೊಯ್ಯಿರಿ. ಒಳಗೆ ಕೂರಿಸಿದ ಬ್ಯಾಟರಿಯಾದರೆ ಬಲ್ಲವರಿಂದಲೇ ತೆರೆಸಿರಿ. ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ಕಳಚಿದ ಮೇಲೆಯೇ ಮುಚ್ಚಳ ತೆಗೆಯತಕ್ಕದ್ದು. ಗ್ಯಾರಂಟಿ ಮುಗಿಯದ ಯಂತ್ರವನ್ನು ಕಂಪನಿಯ ಸರ್ವಿಸ್ ಸೆಂಟರಿಗೇ ಒಯ್ಯಬೇಕು.

ಇನ್ನು ಬ್ಯಾಟರಿಯ ಮೇಲಿನ ಮೂರು ಲೆಕ್ಕಗಳು: ವೋಲ್ಟು, ಮಿಲಿ ಆಂಪಿಯರ್ ಗಂಟೆ, ವಾಟ್ ಗಂಟೆ. ತೊಟ್ಟಿಯ ನೀರಿನ ಹೋಲಿಕೆ ತೆಗೆದುಕೊಳ್ಳಿರಿ. ವೋಲ್ಟು ಎಂದರೆ ನೀರಿನ ಒತ್ತಡ. ಮಿಲಿ ಆಂಪಿಯರ್ ಗಂಟೆ ಎಂದರೆ ತೊಟ್ಟಿಯಲ್ಲಿರುವ ನೀರು. ಒತ್ತಡ ಯಂತ್ರಕ್ಕೆ ಹೊಂದಲೇಬೇಕು. ನೀರು ಸ್ವಲ್ಪ ಹೆಚ್ಚಿದ್ದರೆ ತೊಂದರೆಯಿಲ್ಲ, ಇನ್ನಷ್ಟು ಹೊತ್ತು ಬರುತ್ತದೆ. 10.8 ವೋಲ್ಟು ಮತ್ತು 11.1 ವೋಲ್ಟು ಎಂದು ಬರೆದವು ಒಂದೇ ಪಂಗಡ. ಎರಡರಲ್ಲೂ ಮೂರು ಸೆಲ್ಲುಗಳು ಒಂದರ ಹಿಂದೊಂದು ನಿಂತಿರುತ್ತವೆ. 14.4 ಮತ್ತು 14.8 ನಾಲ್ಕು ಸೆಲ್ಲಿನ ಪಂಗಡ. ಮೂರರ ಪಂಗಡದ ಜಾಗದಲ್ಲಿ ನಾಲ್ಕರದನ್ನು ಹಾಕಲೇಬಾರದು, ಅಂಗಡಿಯವನು ಎಷ್ಟು ಆಣೆ ಇಟ್ಟು ಹೇಳಿದರೂ ಸರಿಯೇ.

ಈಗ ಸುಳ್ಳು ಚೀಟಿ ಹಿಡಿಯುವ ಉಪಾಯ. ವೋಲ್ಟನ್ನು ಮಿಲಿ ಆಂಪಿಯರಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ವಾಟ್ ಗಂಟೆ ಬರಬೇಕು. 11.1 ವೋಲ್ಟು, 4400 ಮಿಲಿ ಆಂಪಿಯರ್ ಎಂದಿದ್ದರೆ 48 ಅಥವಾ 49 ವಾಟ್ ಗಂಟೆ ಎಂದಿರಬೇಕು. ಅಲ್ಲಿ 70 ಎಂದು ಅಚ್ಚು ಹಾಕಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿರಿ. ದುಂಡನೆಯ ಸೆಲ್ಲುಗಳಿರುವ ಹಳೆಯ ಮಾದರಿಯ ಬ್ಯಾಟರಿಗೆ ಇನ್ನೊಂದು ಪರೀಕ್ಷೆ: ಒಂದು ಸೆಲ್ಲಿನ ತೂಕ ಸುಮಾರು 45 ಗ್ರಾಂ. ಆರು ಸೆಲ್ಲೆಂದು ಹೇಳಿದ ಬ್ಯಾಟರಿ ಇನ್ನೂರೆಪ್ಪತ್ತು ಗ್ರಾಂಗಿಂತ ಕಡಿಮೆ ತೂಗಿದರೆ ಒಳಗೆ ಏನೋ ಕೊರತೆಯಿದೆ. ತಕ್ಕಡಿಯ ವಿಷಯದಲ್ಲಿ ಹೋಟೆಲಿನವರಿಗೆ ನಾವು ಹೇಳಿಕೊಡಬೇಕಾದದ್ದೇನೂ ಇಲ್ಲ.

ಅಗ್ಗದ ಬ್ಯಾಟರಿಯಲ್ಲಿ ಹಣ ಮಾತ್ರವೇ ಹೋಗುವುದೆಂದು ತಿಳಿಯಬೇಡಿರಿ. ಲಿಥಿಯಂ ಅಯಾನ್ ಎಂಬ ಈ ಬ್ಯಾಟರಿಯನ್ನು 1991ರಲ್ಲಿ ಸೋನಿ ಕಂಪನಿ ಮೊದಲು ಮಾರಾಟಕ್ಕೆ ತಂದಿತು. ಇದನ್ನು ಕಂಡುಹಿಡಿದು ಬೆಳೆಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಂ, ಯೊಶಿನೊ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಬಂತು. ಚಿಕ್ಕ ಜಾಗದಲ್ಲಿ ಬಹಳ ಶಕ್ತಿ ತುಂಬಿಡುವುದು ಇದರ ಗುಣ. ದೋಷವಿದ್ದರೆ ಆ ಶಕ್ತಿಯೆಲ್ಲ ಒಮ್ಮೆಗೇ ಬೆಂಕಿಯಾಗುವುದು ಇದರ ಅವಗುಣ. 2006ರಲ್ಲಿ ಡೆಲ್ ಕಂಪನಿಯು ಸೋನಿಯ ಸೆಲ್ಲುಗಳಿದ್ದ ಸುಮಾರು 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ತರಿಸಿಕೊಂಡಿತು. ಹೆಸರಾಂತ ಕಾರಖಾನೆಯ ಮಾಲಿನಲ್ಲಿಯೇ ಹೀಗಾದರೆ, ಹಳೆಯ ಸೆಲ್ಲಿಗೆ ಹೊಸ ಕವಚ ಸುತ್ತಿ ಮಾರುವ ಮಾಲಿನ ಗತಿಯೇನು? ನಮ್ಮಲ್ಲಿ ಅನೇಕರು ಹೋಟೆಲಿನ ಮೇಲಿನ ಒಂದೇ ಕೋಣೆಯಲ್ಲಿ ಎಂಟು ಹತ್ತು ಮಂದಿ ಮಲಗುತ್ತಾರೆ. ಬಾಗಿಲು ಒಂದೇ. ಚಾಪೆಯ ಮೇಲೆ, ತಲೆದಿಂಬಿನ ಪಕ್ಕದಲ್ಲಿ ಚಾರ್ಜಿಗೆ ಇಟ್ಟು ನಿದ್ರೆ ಹೋಗುವ ರೂಢಿಯನ್ನು ಇಂದೇ ಬಿಡಬೇಕೆಂದು ಕೈಮುಗಿದು ಕೇಳುತ್ತೇವೆ. ಗಟ್ಟಿ ನೆಲದ ಮೇಲೆ, ಎಚ್ಚರವಿರುವಾಗ ಚಾರ್ಜು ಮಾಡಿರಿ. ಬ್ಯಾಟರಿ ಉಬ್ಬಿ ಯಂತ್ರದ ಮುಚ್ಚಳ ಎದ್ದಿದ್ದರೆ ಚಾರ್ಜರ್ ಕೂಡಲೇ ತೆಗೆಯಿರಿ. ಅದನ್ನು ಒತ್ತಬಾರದು, ಚುಚ್ಚಬಾರದು. ಹೊಗೆ ಕಂಡರೆ ಮೊದಲು ಎಲ್ಲರನ್ನೂ ಹೊರಗೆ ಕಳುಹಿಸಿ, ಮೈನ್ ಸ್ವಿಚ್ಚು ಕೈಗೆ ಸಿಕ್ಕುವಂತಿದ್ದರೆ ಆರಿಸಿ, 101 ಅಥವಾ 112ಕ್ಕೆ ಫೋನು ಮಾಡಿರಿ. ಆ ಹೊಗೆ ವಿಷ. ಯಂತ್ರ ಉಳಿಸಲು ಯಾರೂ ಒಳಗೆ ನುಗ್ಗಬಾರದು.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು? ಭಾರತೀಯ ಮಾನಕ ಬ್ಯೂರೋದ ಗುರುತು ನೋಡಬೇಕು. ಇಂಥ ಬ್ಯಾಟರಿಗಳಿಗೆ ಐಎಸ್ 16046 ಎಂಬ ಮಾನಕವಿದೆ, ನೋಂದಣಿ ಕಡ್ಡಾಯ. ಗುರುತಿನ ಕೆಳಗೆ ಆರ್ ಅಕ್ಷರದಿಂದ ಆರಂಭವಾಗುವ ನಂಬರು ಇರಬೇಕು. ಬ್ಯೂರೋದ ಬಿಐಎಸ್ ಕೇರ್ ಎಂಬ ಫೋನ್ ಆ್ಯಪಿನಲ್ಲಿ ಆ ನಂಬರು ಹಾಕಿದರೆ ಅದು ಯಾರ ಹೆಸರಿನಲ್ಲಿದೆಯೆಂದು ತೋರುತ್ತದೆ. ಆಮೇಲೆ ತಯಾರಾದ ತಿಂಗಳು ನೋಡಬೇಕು. ಈ ಬ್ಯಾಟರಿ ಉಪಯೋಗಿಸದೆ ಇಟ್ಟರೂ ಮುದಿಯಾಗುತ್ತದೆ. ಎರಡು ವರ್ಷ ಕಪಾಟಿನಲ್ಲಿ ಕುಳಿತದ್ದು ನಮಗೆ ಬೇಡ. ಮೊದಲು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬೆಲೆ ಕೇಳಿ, ಆಮೇಲೆ ಬೀದಿಯಲ್ಲಿ ಕೇಳಿರಿ. ವ್ಯತ್ಯಾಸ ಅಲ್ಪವಿದ್ದರೆ ಕಂಪನಿಯದೇ ಮೇಲು. ಬೇರೆ ತಯಾರಕರ ಮಾಲೆಲ್ಲ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಹೆಸರು, ವಿಳಾಸ, ಗುರುತು, ಗ್ಯಾರಂಟಿ ನಾಲ್ಕೂ ಇದ್ದರೆ ಕೊಳ್ಳಬಹುದು. ಕಂಪನಿಯ ಹೆಸರೇ ಇದ್ದು ಬೆಲೆ ಮಾತ್ರ ಮೂರರಲ್ಲೊಂದು ಪಾಲು ಎಂದರೆ ಅದು ಕಳ್ಳ ಮಾಲೆಂದು ತಿಳಿಯಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಬಿಲ್ಲು. ಬಿಲ್ಲಿನ ಮೇಲೆ ಬ್ಯಾಟರಿಯ ನಂಬರು, ದಿನಾಂಕ, ಗ್ಯಾರಂಟಿಯ ಅವಧಿ ಬರೆಸಬೇಕು. ಮುನ್ನೂರು ರೂಪಾಯಿ ಉಳಿಸಲು ಹೋಗಿ ಎರಡು ಸಾವಿರ ಕಳೆದುಕೊಂಡವರ ಮಾತು ಈಗಾಗಲೇ ಹೇಳಿದ್ದೇವೆ. ಬಿಲ್ಲಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಹೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂಬ ನಿಯಮವೂ ಇಲ್ಲ. ಬರೆಯಲು ಕಷ್ಟವಾದವರು ಸಂಘದ ಕಚೇರಿಗೆ ಬನ್ನಿರಿ.

ಹೊಸ ಬ್ಯಾಟರಿ ಬಾಳಬೇಕಾದರೆ ಬಿಸಿಯಿಂದ ದೂರವಿಡಬೇಕು. ಒಲೆಯ ಪಕ್ಕದ ಗೋಡೆ, ತಗಡಿನ ಮಾಡಿನ ಕೆಳಗಿನ ಅಟ್ಟ, ಮೇ ತಿಂಗಳ ಬಿಸಿಲು, ಇವು ಅದರ ಶತ್ರುಗಳು. ಪೂರ್ತಿ ಬರಿದಾಗುವ ತನಕ ಕಾಯಬಾರದು. ಹಲವು ಯಂತ್ರಗಳಲ್ಲಿ ನೂರರಲ್ಲಿ ಎಂಬತ್ತಕ್ಕೆ ಚಾರ್ಜು ನಿಲ್ಲಿಸುವ ಏರ್ಪಾಡಿದೆ. ಸದಾ ಚಾರ್ಜರಿನಲ್ಲೇ ಇಟ್ಟು ಕೆಲಸ ಮಾಡುವವರು ಅದನ್ನು ಹಾಕಿಕೊಳ್ಳಲಿ. ಹಳೆಯ ಬ್ಯಾಟರಿಯನ್ನು ಕಸದ ತೊಟ್ಟಿಗೆ ಎಸೆಯಬಾರದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ಸಂಗ್ರಹಿಸಿ ವಿಲೇವಾರಿ ಮಾಡುವ ಹೊಣೆ ತಯಾರಕರದು. ಮನೆಯ ಕಸದಲ್ಲಿ ಬೆರೆಸದೆ ಬೇರೆಯಾಗಿ ಕೊಡುವ ಹೊಣೆ ನಮ್ಮದು. ತೊಟ್ಟಿಯಲ್ಲಿ ಕೈಯಿಟ್ಟು ಆಯುವವರೂ ನಮ್ಮಂತೆಯೇ ದುಡಿದು ಉಣ್ಣುವವರು. ಅವರ ಕೈ ಸುಡುವುದು ನಮಗೆ ಶೋಭೆಯಲ್ಲ.

ಸೋದರರೇ, 1918ರಲ್ಲಿ ಇದೇ ಊರಿನ ಪೆರಂಬೂರಿನಲ್ಲಿ ಮಿಲ್ಲಿನ ಕಾರ್ಮಿಕರು ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು. ಒಬ್ಬೊಬ್ಬನಾಗಿ ಕೇಳಿದಾಗ ದೊರೆಯದ ಉತ್ತರ ಕೂಡಿ ಕೇಳಿದಾಗ ದೊರೆಯುತ್ತದೆಂದು ಅವರು ಕಂಡುಕೊಂಡರು. ಅಂಗಡಿಯ ಕಟ್ಟೆಯ ಮುಂದೆಯೂ ಆ ಮಾತು ಸಲ್ಲುತ್ತದೆ. ಆದಕಾರಣ ಸಭೆಯ ಮುಂದೆ ಮೂರು ಸಲಹೆಗಳನ್ನು ಇಡುತ್ತೇವೆ. ಕಚೇರಿಯಲ್ಲಿ ಒಂದು ಪುಸ್ತಕವಿಡೋಣ. ಬ್ಯಾಟರಿ ಕೊಂಡ ಪ್ರತಿಯೊಬ್ಬರೂ ಯಂತ್ರದ ಮಾಡಲು, ಬ್ಯಾಟರಿಯ ನಂಬರು, ಬೆಲೆ, ಎಷ್ಟು ಕಾಲ ಬಂತು ಎಂಬುದನ್ನು ಅದರಲ್ಲಿ ಬರೆಯಲಿ. ಊರಿನಿಂದ ಹೊಸದಾಗಿ ಬಂದ, ತಮಿಳು ಇನ್ನೂ ನಾಲಿಗೆಗೆ ಹತ್ತದ ಹುಡುಗರನ್ನು ಒಬ್ಬರನ್ನೇ ರಿಚಿ ಸ್ಟ್ರೀಟಿಗೆ ಕಳುಹಿಸುವುದು ಬೇಡ, ಬಲ್ಲವರೊಬ್ಬರು ಜೊತೆಗೆ ಹೋಗಲಿ. ಕೆಟ್ಟ ಬ್ಯಾಟರಿಗಳನ್ನು ಅವರವರ ಕೋಣೆಯಲ್ಲಿ ಕೂಡಿಡದೆ ಬ್ಯಾಟರಿ ಹಿಂದಕ್ಕೆ ಪಡೆಯುವ ಸರ್ವಿಸ್ ಸೆಂಟರಿಗೆ ಒಪ್ಪಿಸುವ ಕೆಲಸವನ್ನು ನಮ್ಮ ಯುವಕರಲ್ಲಿ ಇಬ್ಬರು ವಹಿಸಿಕೊಳ್ಳಲಿ.

ನಮ್ಮಲ್ಲಿ ಹೆಚ್ಚಿನವರ ಓದು ಮಿಡ್ಲ್ ಸ್ಕೂಲಿಗೇ ನಿಂತಿತು. ಮಕ್ಕಳ ಓದು ಒಂದು ಬ್ಯಾಟರಿಯ ದೆಸೆಯಿಂದ ನಿಲ್ಲಬಾರದು. ನಂಬರು ಓದಲು ಪದವಿ ಬೇಕಿಲ್ಲ, ಕಣ್ಣು ಮತ್ತು ತಾಳ್ಮೆ ಇದ್ದರೆ ಸಾಕು. ಪುಸ್ತಕವನ್ನು ಇಂದೇ ಮೇಜಿನ ಮೇಲೆ ಇಟ್ಟಿದ್ದೇವೆ. ಮನೆಯಲ್ಲಿ ಲ್ಯಾಪ್‌ಟಾಪು ಇರುವವರು ಮುಂದಿನ ಸಭೆಗೆ ಬರುವಾಗ ಎರಡು ನಂಬರು ಬರೆದು ತನ್ನಿರಿ.